ಕಣದ ಮೇಲೆ ಲೆಕ್ಕ ಬರೆದ ಟೀಚರ್

ಸಿಂಚನಾ, ಧನುಷ್, ಪುಟ್ಟಿ ಲೇಖನಾ, ಈ ಹಾಳೆಗಳು ನಿಮಗೆ. ಅಜ್ಜಿ ಕಿಟಕಿ ಹತ್ತಿರ ಕೂತು ಏನೋ ಗೀಚುತ್ತಿದ್ದಾಳೆ ಎಂದು ನಿಮ್ಮಮ್ಮ ಆಗಾಗ ಇಣುಕಿ ಹೋಗುತ್ತಾಳೆ. ಏನೆಂದು ಕೇಳಿಲ್ಲ. ಕೇಳಿದರೆ ಹೇಳುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು ನಾನು. ಮದುವೆಯಾದ ಮೇಲೆ ಬರೆದದ್ದೆಂದರೆ ಸಾಮಾನಿನ ಚೀಟಿ ಮತ್ತು ತವರಿಗೆ ಹಾಕಿದ ಕಾರ್ಡು, ಅಷ್ಟೇ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ.

ಸಿಂಚನಾ, ಇದರಲ್ಲಿ ನಿನ್ನ ವಿಷಯವೂ ಬಹಳ ಬರುತ್ತದೆ. ಆದರೂ ನಿನ್ನ ತಮ್ಮ ತಂಗಿಗೆ ಗೋಜಲಾಗಬಾರದೆಂದು ನಿನ್ನನ್ನು 'ಅವಳು' ಎಂದೇ ಬರೆಯುತ್ತೇನೆ.

ಕಳೆದ ತಿಂಗಳು ವಿರಾಜಪೇಟೆಯಲ್ಲಿ ಟೀಚರ್ ತೀರಿಕೊಂಡರು. ನಿಮ್ಮಪ್ಪ ನನ್ನನ್ನು ಜೀಪಿನಲ್ಲಿ ಕರೆದುಕೊಂಡು ಹೋದ. ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ, ಅವರ ಬಗ್ಗೆ ಎರಡು ಮಾತು ಹೇಳುವವರು ಮುಂದೆ ಬರಬಹುದು ಎಂದರು. ಅವರ ಹಳೆಯ ವಿದ್ಯಾರ್ಥಿಗಳು, ಈಗ ತಲೆ ನರೆತವರು, ಒಬ್ಬೊಬ್ಬರಾಗಿ ಎದ್ದು ಶಿಸ್ತು, ಸೇವೆ, ತ್ಯಾಗ ಎಂದೆಲ್ಲ ಮಾತಾಡಿದರು. ನಾನು ಹಿಂದಿನ ಬೆಂಚಿನಲ್ಲಿ ಸೆರಗು ಬಿಗಿಹಿಡಿದು ಕೂತಿದ್ದೆ. ನಿಮ್ಮಪ್ಪ ಮೊಣಕೈಯಿಂದ ಮೆಲ್ಲಗೆ ತಿವಿದು, "ಹೋಗಮ್ಮ, ನೀನೂ ಹೇಳು" ಎಂದ. ನಾನು ಏಳಲಿಲ್ಲ. ಅಷ್ಟರಲ್ಲಿ ಹಾಡು ಶುರುವಾಯಿತು. ಅವರು ಹೇಳಿದ ಶಿಸ್ತು ತ್ಯಾಗ ಎಲ್ಲ ನಿಜವೇ ಇರಬಹುದು. ನನಗೆ ಗೊತ್ತಿದ್ದ ಟೀಚರ್ ಮಾತ್ರ ಅದರಲ್ಲಿ ಎಲ್ಲೂ ಕಾಣಿಸಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಮಾದಾಪುರದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಬಸ್ಸಿನ ಕಂಡಕ್ಟರಿಗೂ, ಹಾಲಿನವನಿಗೂ ಅವರು 'ಟೀಚರ್'. ಮನೆಮಾತು ಮಲಯಾಳ. ಕನ್ನಡವನ್ನು ವಿರಾಜಪೇಟೆ ಕಡೆಯವರ ಹಾಗೆ ನಿಧಾನವಾಗಿ, ಪ್ರತಿ ಮಾತನ್ನೂ ತೂಗಿ ಇಟ್ಟಂತೆ ಆಡುತ್ತಿದ್ದರು. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಅಣ್ಣನ ಮಗಳು ವಿರಾಜಪೇಟೆಗೆ ಬಂದು ಇರಿ ಎಂದು ಕರೆದರೂ ಹೋಗದೆ, ನಮ್ಮ ಗೇಟಿನ ಎದುರಿನ ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದರು. ಯಾಕೆ ಎಂದು ಕೇಳಿದವರಿಗೆ, "ನನ್ನ ಮೊದಲನೇ ಪೋಸ್ಟಿಂಗ್ ಇಲ್ಲಿ. ಚಳಿ ಅಭ್ಯಾಸ ಆಗಿ ಹೋಗಿದೆ" ಎನ್ನುತ್ತಿದ್ದರು.

ಸಣ್ಣ ಆಳು. ಗಡಿಯಾರವನ್ನು ಬಲಗೈಗೆ ಕಟ್ಟುತ್ತಿದ್ದರು. ಮಳೆ ಇರಲಿ ಬಿಸಿಲಿರಲಿ ಕೈಯಲ್ಲಿ ಗಂಡಸರ ಕಪ್ಪು ಕೊಡೆ. ಪರ್ಸಿನಲ್ಲಿ ಯಾವಾಗಲೂ ಸೀಮೆಸುಣ್ಣದ ತುಂಡುಗಳು. ಚಿಲ್ಲರೆ ಹುಡುಕುವಾಗ ಬೆರಳೆಲ್ಲ ಬೆಳ್ಳಗಾಗುತ್ತಿತ್ತು. ಅಂಗಡಿಯವನು, "ಟೀಚರ್, ನೀವು ಕೊಟ್ಟ ನೋಟು ನೋಡಿದ್ರೇನೇ ಗೊತ್ತಾಗುತ್ತೆ" ಎಂದು ನಗುತ್ತಿದ್ದ. ನನಗಿಂತ ದೊಡ್ಡವರು. ಆದರೂ ಮೊದಲ ದಿನದಿಂದ ನನ್ನನ್ನು 'ಅಜ್ಜಿ' ಎಂದೇ ಕರೆದರು. ನಾನು ಮನಸ್ಸಿನಲ್ಲೇ ನಕ್ಕೆ. ಹೊರಗೆ ನಗುವಷ್ಟು ಸಲಿಗೆ ಆಗಿರಲಿಲ್ಲ.

ನಿಮ್ಮ ತಾತ ಹೋದ ಮೇಲಿನ ವರ್ಷ ಅದು. ತೋಟದ ಮೇಲಿನ ತಾಕಿನಲ್ಲಿ ಕಾಫಿ ಗಿಡಗಳು ಒಂದೊಂದಾಗಿ ಬಾಡುತ್ತಿದ್ದವು. ನಿಮ್ಮಪ್ಪ ಕಿತ್ತು ರಸ್ತೆ ಬದಿಗೆ ರಾಶಿ ಹಾಕಿಸುತ್ತಿದ್ದ, ಸುಡುವುದಕ್ಕೆ. ಸಿಂಚನ ಆಗ ಎರಡನೇ ಪಿಯುಸಿ. ಕಾಲೇಜಿನಿಂದ ಬಂದು ಆ ರಾಶಿ ಹತ್ತಿರ ಬ್ಯಾಗು ಇಳಿಸಿ ನಿಂತಿದ್ದಳು. ಕೊಡೆ ಊರಿಕೊಂಡು ಟೀಚರ್ ಬಂದರು.

"ಎಂತ ಆಯ್ತು ಇದಕ್ಕೆ?"

"ಕಾಂಡಕೊರಕ ಹುಳ, ಟೀಚರ್. ಒಳಗಿಂದ ಕೊರೆದುಬಿಡುತ್ತೆ."

"ಎಲ್ಲ ಗಿಡಕ್ಕೂ ಬರ್ತದಾ?"

"ಇಲ್ಲ. ಅದೇ ಗೊತ್ತಾಗ್ತಿಲ್ಲ. ಇದು ಸತ್ತಿದೆ, ಪಕ್ಕದ್ದು ಚೆನ್ನಾಗಿದೆ. ಯಾಕೆ ಟೀಚರ್?"

ಈ ಪ್ರಶ್ನೆಯನ್ನು ಅವಳು ಚಿಕ್ಕವಳಿದ್ದಾಗಿನಿಂದ ಮನೆಯವರಿಗೆಲ್ಲ ಕೇಳಿದ್ದಳು. ತಾತ, "ಅದರ ಟೈಮು ಮುಗೀತು ಮಗ" ಎನ್ನುತ್ತಿದ್ದರು. ಅಪ್ಪ, "ಹೋಗಿ ಓದ್ಕೋ" ಎನ್ನುತ್ತಿದ್ದ. ಟೀಚರ್ ಕೊಡೆಯ ತುದಿಯಿಂದ ಒಂದು ಕಾಂಡವನ್ನು ಮಗುಚಿ ನೋಡಿ, "ನನಗೆ ಗೊತ್ತಿಲ್ಲ" ಎಂದರು. ನಾನು ಗೇಟಿನ ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಮೇಷ್ಟರೊಬ್ಬರ ಬಾಯಲ್ಲಿ ಆ ಮಾತು ಅಷ್ಟು ಸರಾಗವಾಗಿ ಬಂದದ್ದನ್ನು ನಾನು ಕೇಳಿರಲಿಲ್ಲ. ಊಟ ಆಯಿತು ಎನ್ನುವ ಹಾಗೆ ಹೇಳಿದರು.

"ಗೊತ್ತಿರುವವರು ಎಲ್ಲಿ ಸಿಗ್ತಾರೆ?"

"ಕೃಷಿ ಕಾಲೇಜಲ್ಲಿ ಇರ್ತಾರೆ."

"ಹಾಗಾದ್ರೆ ನೀನು ಅಲ್ಲಿಗೆ ಹೋಗ್ಬೇಕು" ಎಂದು ಹೇಳಿ, ಹಾಲು ತರಲು ಹೊರಟುಹೋದರು.

ಸಿಂಚನಳ ತಲೆಯಲ್ಲಿ ಅದು ಕೂತುಬಿಟ್ಟಿತು. ನಿಮ್ಮಪ್ಪನಿಗೆ ಮನಸ್ಸಿರಲಿಲ್ಲ. ಜೀವಶಾಸ್ತ್ರದಲ್ಲಿ ಚೆನ್ನಾಗಿದ್ದಳು ನಿಜ. ಭೌತಶಾಸ್ತ್ರ, ಗಣಿತ ಎಂದರೆ ಅವಳಿಗೆ ಜ್ವರ ಬರುತ್ತಿತ್ತು. "ಸಿ.ಇ.ಟಿ. ಒಂದು ಸಲ ಬರೀಲಿ. ಸೀಟು ಸಿಕ್ಕಿದ್ರೆ ಸರಿ, ಇಲ್ದಿದ್ರೆ ಸೋಮವಾರಪೇಟೇಲೇ ಡಿಗ್ರಿ. ಇನ್ನೊಂದು ವರ್ಷ ಕಾಯೋ ಮಾತಿಲ್ಲ" ಎಂದು ಹೇಳಿಬಿಟ್ಟ. ಒಂದೇ ಅವಕಾಶ. ಅವಳು ನನ್ನ ಮುಖ ನೋಡಿದಳು. ನಾನೇನು ಹೇಳಲಿ? ಮಗನ ಎದುರು ಮಾತಾಡಿ ಅಭ್ಯಾಸವಿಲ್ಲ, ಅವನ ಅಪ್ಪನ ಎದುರೂ ಇರಲಿಲ್ಲ. ಮಾರನೆಯ ದಿನ ಒಂದು ಪಾತ್ರೆಯಲ್ಲಿ ಕಡುಬು ಹಾಕಿಕೊಂಡು ಟೀಚರ ಮನೆಗೆ ಹೋದೆ. ಬಾಗಿಲಲ್ಲಿ ನಿಂತವಳು ಏನೂ ಹೇಳಲಾಗದೆ ಪಾತ್ರೆ ಮುಂದೆ ಚಾಚಿದೆ. ಅವರು ಮುಚ್ಚಳ ತೆಗೆದು ನೋಡಿ, "ನಾಳೆಯಿಂದ ಕಳಿಸಿ. ಇಲ್ಲ, ಬೇಡ, ನಾನೇ ಬರ್ತೇನೆ. ನಿಮ್ಮಲ್ಲಿ ಕಣ ಉಂಟಲ್ಲ" ಎಂದರು.

ಕಣ ಯಾಕೆ ಎಂದು ನನಗೆ ತಿಳಿಯಲಿಲ್ಲ. ಕಾಫಿ ಒಣಗಿಸಿ ಚೀಲ ತುಂಬಿ ಆಗಿತ್ತು. ಕಣದ ಒಂದು ಮೂಲೆಯಲ್ಲಿ ಮಾತ್ರ ಕರಿಮೆಣಸು ಹರವಿದ್ದೆ. ಉಳಿದ ಸಿಮೆಂಟು ನೆಲ ಗುಡಿಸಿ ಖಾಲಿ ಬಿದ್ದಿತ್ತು. ಟೀಚರ್ ಬಂದವರೇ ಚಪ್ಪಲಿ ಕಳಚಿ, ಸೀರೆ ಸೊಂಟಕ್ಕೆ ಸಿಕ್ಕಿಸಿ, ಕೊಡೆಯ ತುದಿಗೆ ಸೀಮೆಸುಣ್ಣವನ್ನು ರಬ್ಬರ್ ಬ್ಯಾಂಡಿನಲ್ಲಿ ಬಿಗಿದು, ನಿಂತಲ್ಲಿಂದಲೇ ನೆಲದ ಮೇಲೆ ಲೆಕ್ಕ ಬರೆಯತೊಡಗಿದರು. ಆಮೇಲೆ ಅರ್ಥವಾಯಿತು. ಅವರಿಗೆ ಬಗ್ಗಲು ಆಗುತ್ತಿರಲಿಲ್ಲ, ಸಣ್ಣದಾಗಿ ಬರೆದರೆ ಕಾಣುತ್ತಲೂ ಇರಲಿಲ್ಲ. ಅವರ ಮನೆಯಲ್ಲಿ ಅಷ್ಟು ದೊಡ್ಡ ಬೋರ್ಡು ಎಲ್ಲಿ ಬರಬೇಕು?

ಒಂದೊಂದು ಲೆಕ್ಕ ಆಳುದ್ದ ಇರುತ್ತಿತ್ತು. ಸಿಂಚನ ಅದರ ಪಕ್ಕದಲ್ಲಿ ನಡೆಯುತ್ತ ಬಿಡಿಸಬೇಕು. ಎಲ್ಲಿ ತಪ್ಪಾಯಿತೋ ಅಲ್ಲಿ ಟೀಚರ್, "ನಿಲ್ಲು" ಎನ್ನುತ್ತಿದ್ದರು. ತಪ್ಪೇನು ಎಂದು ಹೇಳುತ್ತಿರಲಿಲ್ಲ. "ಹಿಂದೆ ನಡಿ. ಎಲ್ಲಿವರೆಗೆ ಖಾತ್ರಿ ಉಂಟೋ ಅಲ್ಲಿವರೆಗೆ ಹೋಗಿ ನಿಲ್ಲು" ಎನ್ನುವರು. ಅವಳು ಒಂದೊಂದೇ ಸಾಲು ಹಿಂದಕ್ಕೆ ಸರಿದು, "ಇಲ್ಲಿವರೆಗೆ ಗೊತ್ತು ಟೀಚರ್" ಎನ್ನುವಳು. "ಸರಿ. ಅಲ್ಲಿಂದ ಹೊರಡು." ಅವರ ಪಾಠ ಎಂದರೆ ಇಷ್ಟೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮೆಣಸು ಮಗುಚುತ್ತ ನಾನು ಅಲ್ಲೇ ಇರುತ್ತಿದ್ದೆ. ಟೀಚರ್ ಒಮ್ಮೊಮ್ಮೆ ಬೇಕೆಂದೇ ನನ್ನ ಕಡೆ ತಿರುಗಿ, "ಅಜ್ಜಿ, ನಿಮಗೆ ಅರ್ಥ ಆಯ್ತಾ?" ಎಂದು ಕೇಳುತ್ತಿದ್ದರು. ನಾನು, "ಹೂಂ" ಎನ್ನುತ್ತಿದ್ದೆ.

"ಸುಳ್ಳು. ಎಂತ ಅರ್ಥ ಆಯ್ತು, ಹೇಳಿ."

ನಾನು ಮೆಣಸಿನ ಕಡೆ ನೋಡುವೆ. ಸಿಂಚನ ನಗುವಳು. "ಅಜ್ಜಿ ಯಾರು ಏನು ಹೇಳಿದ್ರೂ ಹೂಂ ಅಂತಾರೆ ಟೀಚರ್. ಕರೆಂಟ್ ಬಿಲ್ಲಿನವನಿಗೂ ಹೂಂ, ಅಪ್ಪಂಗೂ ಹೂಂ."

"ಗೊತ್ತಿಲ್ಲ ಅನ್ಲಿಕ್ಕೆ ಎಂತ ನಾಚಿಕೆ? ನಾನು ದಿನಕ್ಕೆ ಎಷ್ಟು ಸಲ ಹೇಳ್ತೇನೆ!"

ಹೇಳುತ್ತಿದ್ದರು, ನಿಜ. ಭೌತಶಾಸ್ತ್ರದ ಲೆಕ್ಕಗಳಲ್ಲಿ ಅವರಿಗೂ ಬಾರದ್ದು ಬೇಕಾದಷ್ಟಿತ್ತು. ಆಗ ಮಾರನೆಯ ಬೆಳಗ್ಗೆ ಕೊಡೆ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದರು. ಸಿಂಚನಳ ಕಾಲೇಜಿನ ಲೆಕ್ಚರರೊಬ್ಬರು ಬೆಳಗಿನ ಬಸ್ಸಿನಿಂದ ಇಳಿಯುತ್ತಿದ್ದರು. ಟೀಚರ ಹಳೆಯ ಶಿಷ್ಯ. "ಏ, ಬಾ ಇಲ್ಲಿ. ಇದೊಂದು ಹೇಳಿಕೊಟ್ಟು ಹೋಗು" ಎಂದು ಅವರನ್ನು ನಿಲ್ಲಿಸಿ, ಬಸ್ ಸ್ಟ್ಯಾಂಡಿನ ಗೋಡೆಯ ಮೇಲೇ ಬರೆಸುತ್ತಿದ್ದರು. ಜನ ಸುತ್ತ ನಿಂತು ನೋಡುವರು. ಆ ಲೆಕ್ಚರರಿಗೆ ಬೆವರು. ಟೀಚರ್ ಮಾತ್ರ ಒಂದನೇ ತರಗತಿ ಮಗುವಿನ ಹಾಗೆ ತಲೆಯಾಡಿಸುತ್ತ, "ಓಹೋ, ಹಾಗಾ! ಇನ್ನೊಂದು ಸಲ ಹೇಳು" ಎನ್ನುತ್ತಿದ್ದರು. ಕಲಿತದ್ದನ್ನು ಸಂಜೆ ಕಣದ ಮೇಲೆ ಇಳಿಸುತ್ತಿದ್ದರು.

ಹೂಮಳೆ ಬಂದ ದಿನ ನೆನಪಿದೆ. ಕಾಫಿ ಹೂವಿಗೆ ಬೇಕಾದ ಆ ಮಳೆಗಾಗಿ ಊರೆಲ್ಲ ಆಕಾಶ ನೋಡುತ್ತಿತ್ತು. ಮಧ್ಯಾಹ್ನ ಇದ್ದಕ್ಕಿದ್ದಂತೆ ಸುರಿಯಿತು. ನಾನು ಮೆಣಸಿಗೆ ಟಾರ್ಪಲ್ ಎಳೆದೆ. ಸಿಂಚನ ಬಾಗಿಲಲ್ಲಿ ನಿಂತು ಅಳುಮುಖ ಮಾಡಿದಳು. ಕಷ್ಟಪಟ್ಟು ಬಿಡಿಸಿದ ಲೆಕ್ಕಗಳೆಲ್ಲ ಬೆಳ್ಳಗಿನ ನೀರಾಗಿ ಕಣದ ಇಳಿಜಾರಿನಲ್ಲಿ ಹರಿದು ಹೋಗುತ್ತಿದ್ದವು. ಟೀಚರ್ ಜಗುಲಿಯಲ್ಲಿ ಬೆಲ್ಲದ ಕಾಫಿ ಕುಡಿಯುತ್ತ, "ಒಳ್ಳೇದಾಯ್ತು. ನಿಮ್ಮ ತೋಟಕ್ಕೂ ಒಳ್ಳೇದು, ನಿನಗೂ ಒಳ್ಳೇದು. ನಾಳೆ ಇನ್ನೊಂದು ಸಲ ಬರಿ. ಪರೀಕ್ಷೆಗೆ ಕಣ ಹೊತ್ತುಕೊಂಡು ಹೋಗ್ತೀಯಾ?" ಎಂದರು.

ಆಮೇಲೆ ಬಿಸಿಲು ಏರಿತು. ಪರೀಕ್ಷೆ ಕುಶಾಲನಗರದಲ್ಲಿ. ನಮ್ಮ ಮಕ್ಕಳಿಗೆ ಆ ಸೆಖೆ ತಡೆಯದು, ಅಲ್ಲಿ ಕೂತರೆ ಕಣ್ಣು ಎಳೆಯುತ್ತದೆ. ಟೀಚರ್ ಗೊಬ್ಬರ ಇಡುವ ತಗಡಿನ ಶೆಡ್ಡಿನಲ್ಲಿ ಮೇಜು ಹಾಕಿಸಿ, ಪರೀಕ್ಷೆಯ ಹೊತ್ತಿಗೇ ಅವಳನ್ನು ಕೂರಿಸಿ ಬರೆಸುತ್ತಿದ್ದರು. ತಾವೂ ಅಲ್ಲೇ ಕೂತು ಕೊಡೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನಿಮ್ಮಮ್ಮ ನೀರು ತಂದರೆ, "ಅಲ್ಲಿ ಯಾರು ತಂದುಕೊಡ್ತಾರೆ? ಬೇಡ. ನನಗೆ ಕೊಡಿ" ಎಂದು ತಾವು ಕುಡಿದರು. ಸಿಂಚನಳಿಗೆ ಸಿಟ್ಟು ಬಂತು. ಅಂದಿನ ಪೇಪರು ಚೆನ್ನಾಗಿ ಮಾಡಿದಳು.

ಸಿ.ಇ.ಟಿ. ಬರೆದು ಬಂದಳು. ಉತ್ತರಗಳನ್ನು ತಾಳೆ ನೋಡಿದ ಮೇಲೆ ಮಂಕಾದಳು. ಪಾಸೇನೋ ಆಗುತ್ತದೆ, ಆದರೆ ಅಷ್ಟಕ್ಕೆ ಕೃಷಿ ಸೀಟು ಸಿಗುವುದು ಕಷ್ಟ. ಉಳಿದದ್ದು ಒಂದೇ ದಾರಿ. ಕೃಷಿಕರ ಮಕ್ಕಳಿಗೆ ಎಂದು ಕೆಲವು ಸೀಟು ಬೇರೆ ಇಟ್ಟಿರುತ್ತಾರೆ. ಅದಕ್ಕೆ ಇನ್ನೊಂದು ಪರೀಕ್ಷೆ ಉಂಟು, ಕೈಯಲ್ಲಿ ಮಾಡಿ ತೋರಿಸುವಂಥದ್ದು. ಬೀಜ, ಗಿಡ, ಗೊಬ್ಬರ, ಉಳುವ ಬಿತ್ತುವ ಸಾಮಾನುಗಳನ್ನು ಮುಂದಿಟ್ಟು, ಇದೇನು, ಇದರಿಂದ ಏನು ಮಾಡುತ್ತಾರೆ ಎಂದು ಕೇಳುತ್ತಾರೆ.

"ಅದಕ್ಕೇನಂತೆ, ರೈತರ ಮನೆ ಹುಡುಗಿ" ಎಂದ ನಿಮ್ಮಪ್ಪ.

ಆದರೆ ನಮ್ಮ ಮನೆ ಹುಡುಗಿ ಕಂಡದ್ದು ಕಾಫಿ, ಮೆಣಸು, ಏಲಕ್ಕಿ, ಭತ್ತ. ಉಳಿದ ಸೀಮೆಯ ಬೆಳೆಗಳನ್ನು ಅವಳು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದಳು. ಸಜ್ಜೆ ಯಾವುದು, ನವಣೆ ಯಾವುದು ಎಂದು ಟೀಚರನ್ನು ಕೇಳಿದಳು.

"ನನಗೆ ಗೊತ್ತಿಲ್ಲ" ಎಂದರು ಟೀಚರ್. "ಕೇಳುವ. ಬಯಲುಸೀಮೆ ಕಾಳು ಕುಶಾಲನಗರ ಸಂತೆಗೆ ಬರ್ತದಲ್ಲ. ಅಜ್ಜಿ, ನಾಳೆ ರೆಡಿಯಾಗಿ."

ಹೀಗೆ ನಾವಿಬ್ಬರು ಮುದುಕಿಯರು ಸಂತೆಗೆ ಹೋದೆವು. ಬಸ್ಸಿನಲ್ಲೇ ಟೀಚರ್, "ನನಗೆ ಗಂಟಲು ಕಟ್ಟಿದೆ. ನೀವೇ ಕೇಳ್ಬೇಕು" ಎಂದರು. ಗಂಟಲಿಗೆ ಏನೂ ಆಗಿರಲಿಲ್ಲ. ಕಾಳಿನವನ ಮುಂದೆ ನನ್ನನ್ನು ನಿಲ್ಲಿಸಿ, ತಾವು ಒಂದು ಹೆಜ್ಜೆ ಹಿಂದೆ ಸರಿದರು.

"ಏನ್ ಬೇಕವ್ವ?"

"ಎಲ್ಲಾ... ಒಂದೊಂದು ಹಿಡಿ."

"ಒಂದೊಂದು ಹಿಡಿನಾ? ಗುಬ್ಬಿಗಾ, ಮನುಷ್ಯರಿಗಾ?"

ಸುತ್ತಲಿದ್ದವರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ತಿರುಗಿ ನೋಡಿದರೆ ಟೀಚರ್ ಕೊಡೆ ಊರಿಕೊಂಡು ಬೇರೆಲ್ಲೋ ನೋಡುತ್ತಿದ್ದಾರೆ. "ಮೊಮ್ಮಗಳ ಪರೀಕ್ಷೆಗೆ" ಎಂದೆ. ಆ ಮನುಷ್ಯನ ಮುಖ ಬದಲಾಯಿತು. "ಅದನ್ನ ಮೊದ್ಲೇ ಹೇಳೋದಲ್ವ ತಾಯಿ!" ಎಂದು, ಪಕ್ಕದ ಅಂಗಡಿಗಳಿಂದಲೂ ತರಿಸಿ ಒಂದೊಂದನ್ನೂ ಪೊಟ್ಟಣ ಕಟ್ಟಿ ಕೊಟ್ಟ.

ಮನೆಗೆ ಬಂದು ತಟ್ಟೆಗಳಲ್ಲಿ ಇಟ್ಟೆವು. ಸಿಂಚನ ನೋಡಿ, ಮುಟ್ಟಿ, ಕಚ್ಚಿ ಕಲಿತಳು. ಕಣ್ಣು ಮುಚ್ಚಿಕೊಂಡೂ ಹೇಳುವಷ್ಟಾದಳು. ಟೀಚರಿಗೆ ಖುಷಿಯೋ ಖುಷಿ, ಅವಳ ಜೊತೆ ತಾವೂ ಬಾಯಿಪಾಠ ಮಾಡಿದರು. ನನಗೆ ಮಾತ್ರ ಆ ತಟ್ಟೆಗಳನ್ನು ನೋಡಿದಾಗಲೆಲ್ಲ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಏನೆಂದು ಹೊಳೆದದ್ದು ಅಕ್ಕಿ ಆರಿಸುವಾಗ. ನಾವು ತಂದದ್ದರಲ್ಲಿ ಮುಕ್ಕಾಲು ಅಡುಗೆಮನೆಯ ಕಾಳು. ನವಣೆ, ಸಾಮೆ ಎರಡೂ ಸಿಪ್ಪೆ ಹೋದ ಅಕ್ಕಿ. ತೊಗರಿ ಬೇಳೆಯಾಗಿತ್ತು, ಉದ್ದು ಬೆಳ್ಳಗಿತ್ತು, ಕಡಲೆಕಾಯಿ ಹುರಿದದ್ದು. ಇಬ್ಬರು ಹೆಂಗಸರು ಸಂತೆಗೆ ಹೋಗಿ ಬೇಯಿಸುವುದಕ್ಕೆ ತಂದ ಹಾಗೆ ತಂದಿದ್ದೆವು. ಅದನ್ನು ನೆಲಕ್ಕೆ ಹಾಕಿದರೆ ಒಂದೂ ಮೊಳೆಯದು. ಪರೀಕ್ಷೆಯಲ್ಲಿ ಇಡುವುದು ಬಿತ್ತುವ ಬೀಜ ಅಲ್ಲವೇ?

ನನಗೆ ಇದು ಹೇಗೆ ಗೊತ್ತು ಎಂದು ನೀವು ಕೇಳಬಹುದು. ನಾನು ಹುಟ್ಟಿದ್ದು ಅರಕಲಗೂಡು ಕಡೆ. ನಮ್ಮಪ್ಪ ರಾಗಿ ಹೊಲದಲ್ಲಿ ಬಿತ್ತುವ ಕೂರಿಗೆ ಹಿಡಿದರೆ ನಮ್ಮಮ್ಮನ ಹಿಂದೆ ನಾನೂ ನಡೆದವಳು. ಇಲ್ಲಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಆ ಕಡೆಯ ಮಾತು ಒಂದೆರಡು ಆಡಿದ್ದೆ. "ಬಯಲುಸೀಮೆಯವಳಿಗೆ ರಾಗಿ ಬಿಟ್ರೆ ಬೇರೆ ಗೊತ್ತಿಲ್ಲ" ಎಂದು ಇಲ್ಲಿಯವರು ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ತಮಾಷೆಗೆ. ಆದರೂ ಆಮೇಲೆ ನಾನು ಆ ಮಾತು ಎತ್ತಲಿಲ್ಲ. ನಿಮ್ಮಪ್ಪನಿಗೂ ಹೇಳಿದವಳಲ್ಲ.

ಸಂಜೆ ಟೀಚರ್ ಬಂದರು. ಸಿಂಚನ ತಟ್ಟೆ ಹಿಡಿದು ಪಟಪಟನೆ ಒಪ್ಪಿಸುತ್ತಿದ್ದಳು. ಅಷ್ಟು ಓದಿದವರು ತಲೆದೂಗುತ್ತ ಕೂತಿರುವಾಗ ನಾನು ಹೇಗೆ ಬಾಯಿ ಹಾಕಲಿ? ಕಾಫಿ ಲೋಟ ಕೊಟ್ಟೆ. ಒಳಗೆ ಹೋದೆ. ಮತ್ತೆ ಬಂದೆ. ಟೀಚರ್, "ಎಂತ ಅಜ್ಜಿ, ಎಲ್ಲ ಸರಿ ಉಂಟಲ್ಲ?" ಎಂದರು. ಹೂಂ ಎನ್ನಲು ಬಾಯಿ ತೆರೆದೆ. ಅವಳಿಗಿದ್ದದ್ದು ಅದೊಂದೇ ಅವಕಾಶ.

"ಇಲ್ಲ" ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

"ಇದು ಬೇಯಿಸೋ ಕಾಳು, ಟೀಚರೇ. ಬಿತ್ತೋದು ಹೀಗಿರಲ್ಲ. ನವಣೆಗೆ ಸಿಪ್ಪೆ ಇರುತ್ತೆ, ಹಳದಿಗೆ. ಉದ್ದು ಕಪ್ಪಗಿರುತ್ತೆ. ಇದನ್ನೇ ಕಲಿತು ಹೋದ್ರೆ ಮಗು ಅಲ್ಲಿ ಗುರುತು ಹಿಡಿಯಲ್ಲ."

ಟೀಚರ್ ಲೋಟ ಕೆಳಗಿಟ್ಟರು. ಆ ತಟ್ಟೆಗಳನ್ನೂ ನನ್ನನ್ನೂ ನೋಡಿ ಜೋರಾಗಿ ನಕ್ಕರು. "ಅಯ್ಯೋ ದೇವರೇ! ನಾವು ಸಾಂಬಾರಿಗೆ ತಂದಿದ್ದೇವೆ! ನನಗೆ ಗೊತ್ತೇ ಇರ್ಲಿಲ್ಲ ನೋಡಿ" ಎಂದು ಕಣ್ಣೊರೆಸಿಕೊಂಡರು. ಆಮೇಲೆ, "ಹಿಂದೆ ನಡಿಯುವ" ಎಂದರು. "ಅಜ್ಜಿ, ನಿಮಗೆ ಎಲ್ಲಿವರೆಗೆ ಖಾತ್ರಿ ಉಂಟು?"

"ನಮ್ಮ ತವರಿನವರೆಗೆ" ಎಂದೆ.

ಮೂವರೂ ಅರಕಲಗೂಡು ಕಡೆ ಬಸ್ಸು ಹತ್ತಿದೆವು. ನನ್ನ ತಮ್ಮ, ನಿಮ್ಮ ದೊಡ್ಡೂರು ತಾತ, ಹೊಲದಿಂದ ಬಂದವನು ಜಗುಲಿಯಲ್ಲಿ ನಮ್ಮನ್ನು ನೋಡಿ ಹೌಹಾರಿದ.

"ಏನಕ್ಕ, ಯಾರಿಗೇನಾಯ್ತು?"

"ಏನೂ ಆಗಿಲ್ಲ ಕಣೋ. ಬಿತ್ತನೆ ಕಾಳು ನೋಡಬೇಕಿತ್ತು."

"ಬಿತ್ನೆ ಕಾಳಾ! ನೋಡಿ ಟೀಚರಮ್ಮ, ನಮ್ಮಕ್ಕ ಮದ್ವೆಗೆ ಸಾವಿಗೆ ಬಿಟ್ರೆ ಬಂದವಳಲ್ಲ, ಬಂದ್ರೂ ಬಾಯಿ ಬಿಟ್ಟವಳಲ್ಲ. ಈಗ ಕಾಳು ಕೇಳ್ಕೊಂಡು ಬಂದವಳೆ. ಕೊಡಗಲ್ಲಿ ಕಾಫಿ ಕಿತ್ತು ರಾಗಿ ಬಿತ್ತೀಯೇನಕ್ಕ?"

ಅಟ್ಟ ಹತ್ತಿಸಿದ. ಮಣ್ಣಿನ ಗುಡಾಣಗಳಲ್ಲಿ ಬೂದಿ, ಬೇವಿನೆಲೆ ಹಾಕಿ ಬೀಜ ಇಟ್ಟಿದ್ದ. ಟೀಚರ್ ಕೊಡೆಯನ್ನು ಕೆಳಗೇ ಬಿಟ್ಟು, ಹೇಗೋ ಏಣಿ ಹತ್ತಿ ಬಂದು, ಮೊಣಕೈವರೆಗೆ ಬೂದಿಯಲ್ಲಿ ಕೈ ಇಳಿಸಿದರು. ಇದು ಎಂತ, ಅದು ಎಂತ, ಯಾವಾಗ ಬಿತ್ತುವುದು, ಬೂದಿ ಯಾಕೆ ಎಂದು ಒಂದೇ ಸಮನೆ ಕೇಳಿದರು. ತಮ್ಮ ಉತ್ತರ ಹೇಳಿ ಸುಸ್ತಾದ.

"ಇದಕ್ಕೆ ಹುಚ್ಚೆಳ್ಳು ಅಂತ ಹೆಸರು ಎಂತಕ್ಕೆ?"

"ಅದು ಗೊತ್ತಿಲ್ಲ ಟೀಚರಮ್ಮ."

"ಅಬ್ಬ! ನಿಮಗೂ ಗೊತ್ತಿಲ್ಲದ್ದು ಒಂದು ಉಂಟಲ್ಲ, ಸಮಾಧಾನ ಆಯ್ತು."

ಮೂಲೆಯಲ್ಲಿ ಅಪ್ಪನ ಕಾಲದ ಕೂರಿಗೆ ಇತ್ತು, ಬಿದಿರಿನ ಕೊಳವೆಗಳ ತುಂಬ ಜೇಡರ ಬಲೆ. ಸಿಂಚನ ಅದನ್ನು ತಿರುಗಿಸಿ ನೋಡಿ, "ಬೀಜ ಒಂದೇ ಸಮ ಹೇಗೆ ಬೀಳುತ್ತೆ? ಒಟ್ಟಿಗೆ ಸುರಿದುಹೋಗಲ್ವಾ?" ಎಂದಳು. ತಮ್ಮ, "ಅದು ಹೆಂಗಸರ ಕೈ ಕೆಲ್ಸ. ನಿಮ್ಮಜ್ಜೀನ ಕೇಳು" ಎಂದ. ನಾನು ಕೈ ಮುಷ್ಟಿ ಮಾಡಿದೆ. ಹೆಬ್ಬೆರಳಿನಿಂದ ತೋರುಬೆರಳಿನ ಮೇಲೆ ಕಾಳು ಸರಿಸುತ್ತ, ಎತ್ತಿನ ನಡಿಗೆಗೆ ಸರಿಯಾಗಿ ಕೂರಿಗೆಯ ಮೇಲಿನ ಬಟ್ಟಲಿಗೆ ಬಿಡುವುದು. ಮದುವೆಯಾದ ಮೇಲೆ ಒಂದು ದಿನವೂ ಮಾಡಿರಲಿಲ್ಲ. ಕೈ ಮರೆತಿರಲಿಲ್ಲ. ಟೀಚರ್, "ಇನ್ನೊಂದು ಸಲ" ಎಂದರು. ಮತ್ತೆ ತೋರಿಸಿದೆ. ಅವರೂ ಮುಷ್ಟಿ ಕಟ್ಟಿ ಮಾಡಿ ನೋಡಿದರು, ಕಾಳೆಲ್ಲ ಒಟ್ಟಿಗೆ ಸುರಿಯಿತು. "ಬರುದಿಲ್ಲ ನನಗೆ" ಎಂದು ಸಂತೋಷದಿಂದಲೇ ಹೇಳಿದರು. ಆ 'ಬರುವುದಿಲ್ಲ' ಕೇಳಿ ನನ್ನ ಕಣ್ಣು ಯಾಕೆ ತುಂಬಿತೋ. ಅಟ್ಟದ ಧೂಳು ಎಂದೆ.

ಪರೀಕ್ಷೆಯ ಹೊತ್ತಿಗೆ ಟೀಚರಿಗೆ ಕಾಲು ಊದಿ, ಉಸಿರು ಕಟ್ಟುತ್ತಿತ್ತು. ಅಣ್ಣನ ಮಗಳು ಬಂದು ವಿರಾಜಪೇಟೆಗೆ ಕರೆದುಕೊಂಡು ಹೋದಳು. ಕಾರಿನ ಕಿಟಕಿಯಿಂದ ಕೊಡೆ ಚಾಚಿ, "ಗೊತ್ತಿಲ್ಲದ್ದನ್ನು ಊಹೆ ಮಾಡಿ ಹೇಳ್ಬೇಡ. ಗೊತ್ತಿಲ್ಲ ಅನ್ನು, ಆಮೇಲೆ ಕೇಳಿಕೊಂಡು ಬಾ" ಎಂದು ಸಿಂಚನಳಿಗೆ ಹೇಳಿದರು.

ಹಾಸನದ ಹತ್ತಿರ ಪರೀಕ್ಷೆ. ನಿಮ್ಮಪ್ಪ, ನಾನು ಹೊರಗೆ ಮರದ ಕೆಳಗೆ ಕಾದೆವು. ಹೊರಗೆ ಬಂದವಳೇ ನನ್ನ ಕೈ ಹಿಡಿದುಕೊಂಡಳು. ಕೂರಿಗೆ ಇಟ್ಟಿದ್ದರಂತೆ. ಬೀಜ ಹೇಗೆ ಬಿಡುತ್ತಾರೆ ಎಂದು ಕೇಳಿದರಂತೆ. ಅವಳು ಮುಷ್ಟಿ ಕಟ್ಟಿ ತೋರಿಸಿದಳಂತೆ. "ಯಾರು ಹೇಳಿಕೊಟ್ಟಿದ್ದು?" ಎಂದರೆ, "ನಮ್ಮಜ್ಜಿ" ಎಂದಳಂತೆ. ನಿಮ್ಮಪ್ಪ ನನ್ನನ್ನು ಹೊಸಬಳ ಹಾಗೆ ನೋಡಿದ.

"ಒಂದು ಮಾತ್ರ ಬಿಟ್ಟೆ ಅಜ್ಜಿ. ಮೆಂತ್ಯಕ್ಕಿಂತ ಸಣ್ಣ ಬೀಜ. ಗೊತ್ತಿಲ್ಲ ಸಾರ್ ಅಂದೆ. ಎದ್ದು ಬರುವಾಗ, ಅದೇನು ಸಾರ್ ಅಂತ ಕೇಳ್ದೆ. ಅವರು ನಕ್ಕು ಹೇಳಿದ್ರು."

"ಅದಕ್ಕೂ ಏನಾದ್ರೂ ಅಂದುಬಿಡಬಹುದಿತ್ತಲ್ಲ" ಎಂದು ನಿಮ್ಮಪ್ಪ ಗೊಣಗಿದ.

ಅಲ್ಲಿಂದಲೇ ಟೀಚರಿಗೆ ಫೋನು ಮಾಡಿದೆವು. ಎಷ್ಟು ಸರಿಯಾಯಿತು, ಸೀಟು ಸಿಗುತ್ತದಾ ಎಂದು ಅವರು ಕೇಳಲಿಲ್ಲ. ಬಿಟ್ಟದ್ದು ಒಂದು ಎಂದು ಕೇಳಿದ ಕೂಡಲೇ, "ಅದು ಎಂತ ಅಂತೆ?" ಎಂದರು.

"ಕುದುರೆ ಮಸಾಲೆ ಅಂತೆ ಟೀಚರ್. ದನಕ್ಕೆ ಹಾಕೋ ಮೇವು."

ಆ ಕಡೆಯಿಂದ ಕೆಮ್ಮು, ನಗು ಎರಡೂ ಒಟ್ಟಿಗೆ ಕೇಳಿತು. "ಕುದುರೆಗೆ ಮಸಾಲೆಯಾ! ನನಗೆ ಗೊತ್ತೇ ಇರ್ಲಿಲ್ಲ. ಸಿಕ್ಕಿದ್ರೆ ನನಗೊಂದು ಚೂರು ತಂದುಕೊಡು."

ಸೀಟು ಸಿಕ್ಕಿತು. ಕಾಲೇಜಿಗೆ ಸೇರಿದ ಮೇಲೆ ಮೊದಲ ರಜೆಗೆ ಬಂದಾಗ ಸಿಂಚನ ಒಂದು ಪೊಟ್ಟಣದಲ್ಲಿ ಆ ಬೀಜ ತಂದು ವಿರಾಜಪೇಟೆಗೆ ಹೋಗಿ ಕೊಟ್ಟು ಬಂದಳು. ಈಗಲೂ ರಜೆಗೆ ಬಂದ ಕೂಡಲೇ ಕಿತ್ತ ಕಾಫಿ ಗಿಡಗಳ ಹತ್ತಿರ ಕೂರುತ್ತಾಳೆ. ಕಾಂಡ ಸೀಳಿ ಅಪ್ಪನಿಗೆ ಹುಳದ ದಾರಿ ತೋರಿಸುತ್ತಾಳೆ. ನೆರಳು ಕಡಿಮೆಯಾದ ಕಡೆ ಹೆಚ್ಚು ಬರುತ್ತದೆ ಎಂದು ಹೇಳುತ್ತಾಳೆ. ಇನ್ನೂ ಮುಂದೆ ಕೇಳಿದರೆ, "ಗೊತ್ತಿಲ್ಲ ಅಜ್ಜಿ, ಕೇಳ್ಕೊಂಡು ಬರ್ತೀನಿ" ಎನ್ನುತ್ತಾಳೆ. ಆ ಮಾತು ಕೇಳಿದಾಗ ಗೇಟಿನಾಚೆಯ ಹೆಂಚಿನ ಮನೆಯ ಕಡೆ ನನ್ನ ಕಣ್ಣು ಹೋಗುತ್ತದೆ. ಈಗ ಅಲ್ಲಿ ಬೇರೆಯವರಿದ್ದಾರೆ.

ಚರ್ಚಿನಲ್ಲಿ ನಾನು ಏಳಲಿಲ್ಲ ಎಂದೆನಲ್ಲ. ಅಲ್ಲಿಂದ ಅವರ ಅಣ್ಣನ ಮಗಳ ಮನೆಗೆ ಹೋದೆವು. ಅವರ ಕೋಣೆ ಖಾಲಿ ಮಾಡುತ್ತಿದ್ದರು. ಕಿಟಕಿಯ ಹತ್ತಿರ ಒಂದು ಕುಂಡ, ಅದರ ತುಂಬ ಹಸಿರು ಸೊಪ್ಪು. ಅಣ್ಣನ ಮಗಳು ಬಂದವರಿಗೆ ಹೇಳುತ್ತಿದ್ದಳು, "ಆಂಟಿ ದಿನಾ ಇದಕ್ಕೆ ನೀರು ಹಾಕ್ತಿದ್ರು. ಕತ್ತರಿಸಿದಷ್ಟೂ ಬರ್ತದೆ. ಎಂತ ಗಿಡ ಅಂತ ನಮಗೆ ಯಾರಿಗೂ ಗೊತ್ತಿಲ್ಲ." ನೆಂಟರೆಲ್ಲ ಬಗ್ಗಿ ನೋಡಿದರು. ಮೆಂತ್ಯ ಎಂದರು ಒಬ್ಬರು. ಯಾವುದೋ ಔಷಧಿ ಇರಬೇಕು ಎಂದರು ಇನ್ನೊಬ್ಬರು.

"ಕುದುರೆ ಮಸಾಲೆ" ಎಂದೆ ನಾನು.

ಎಲ್ಲರೂ ತಿರುಗಿದರು. ಅಷ್ಟು ಜನ, ಒಬ್ಬರೂ ಪರಿಚಯವಿಲ್ಲ. ಬಿಗಿಹಿಡಿದಿದ್ದ ಸೆರಗು ಬಿಟ್ಟು, "ಇದನ್ನ ನಾನು ತಗೊಂಡು ಹೋಗ್ಲಾ?" ಎಂದು ಕೇಳಿದೆ. ನಾನಾಗಿ ಯಾರ ಹತ್ತಿರವೂ ಏನನ್ನೂ ಹೀಗೆ ಕೇಳಿ ಪಡೆದವಳಲ್ಲ. ಆ ಹುಡುಗಿ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಅದು ಈಗ ಕಣದ ಅಂಚಿನಲ್ಲಿದೆ. ಧನುಷ್, ಕ್ರಿಕೆಟ್ ಆಡುವಾಗ ಜೋಪಾನ.

ಮಕ್ಕಳೇ, ನಮ್ಮ ಮಳೆಗಾಲಕ್ಕೆ ಕಾಗದ ಬೂಸು ಹಿಡಿಯುತ್ತದೆ, ನಿಮಗೇ ಗೊತ್ತು. ಈ ಹಾಳೆಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಅಟ್ಟದ ಮೇಲೆ, ಒಲೆಯ ಶಾಖ ತಾಗುವ ಕಡೆ ಇಡುತ್ತೇನೆ. ನಡುವೆ ತಮ್ಮ ಕಳಿಸಿದ ಬೇವಿನೆಲೆ ಹಾಕಿದ್ದೇನೆ. ಅದು ಪುಡಿಯಾದರೆ ಬೇರೆ ಹಾಕಿ, ಹಾಳೆಗಳನ್ನು ಹಾಳಾಗಲು ಬಿಡಬೇಡಿ. ಓದುವಾಗ ಯಾವುದಾದರೂ ಅರ್ಥವಾಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಒಳಗೆ ಬಂದು ನನ್ನನ್ನು ಕೇಳಿ. ಹೂಂ ಅಂದುಬಿಡಬೇಡಿ.